ಹಳೆಯ ಸ್ಕೀಗಳ ಮೇಲೊಂದು ಮೊಕದ್ದಮೆ

ಇರುವ ಸ್ಕೀಗಳನ್ನು ಇಟ್ಟುಕೊಳ್ಳಬೇಕೇ, ಹೊಸ ಜೋಡಿ ಕೊಳ್ಳಬೇಕೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಹುಟ್ಟುತ್ತದೆ. ಆಲ್ಪ್ಸ್ ಆಗಲಿ, ಕೊಲೊರಾಡೊ ಆಗಲಿ, ಆಗಿನ್ನೂ ನೆಟ್ಟಗೆ ಹಿಮ ಬಿದ್ದಿರುವುದಿಲ್ಲ. ಹಾಗಾಗಿ ಹಳೆಯ ಜೋಡಿಗೆ ತನ್ನ ಪರ ಸಾಕ್ಷಿ ಹೇಳುವ ಅವಕಾಶವೇ ಇರುವುದಿಲ್ಲ. ವಿಚಾರಣೆ ನಡೆಯುವುದು ಆರೋಪಿಯ ಗೈರುಹಾಜರಿಯಲ್ಲಿ, ತೀರ್ಪು ಮೊದಲೇ ಬರೆದಿಟ್ಟ ಮೇಲೆ. ಇಲ್ಲಿ ಫಿರ್ಯಾದಿಯೂ ನಾನೇ, ನ್ಯಾಯಾಧೀಶನೂ ನಾನೇ, ದಂಡ ಕಟ್ಟುವವನೂ ನಾನೇ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ನನ್ನ ವಾದ ಇಷ್ಟೇ: ಹಳೆಯ ಸ್ಕೀ ಬಹುಮಟ್ಟಿಗೆ ನಿರಪರಾಧಿ, ಹೊಸದನ್ನು ಕೊಳ್ಳುವುದಾದರೆ ಆಸೆಯಿಂದ ಕೊಳ್ಳೋಣ, ಎಂಜಿನಿಯರಿಂಗ್ ಹೆಸರು ಹೇಳಿಕೊಂಡಲ್ಲ. ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಗುಲ್ಮಾರ್ಗಿಗೆ ಹೋಗಿ ಬಾಡಿಗೆ ಸ್ಕೀ ಹಾಕಿಕೊಂಡು ಬರುವ ಪುಣ್ಯವಂತರಿಗೆ ಈ ತಾಪತ್ರಯವಿಲ್ಲ. ಅವರು ಮುಂದಿನ ಪುಟಕ್ಕೆ ಹೋಗಬಹುದು.

ತಂತ್ರಜ್ಞಾನ ಮುಂದುವರಿದಿದೆಯಲ್ಲ ಎಂಬುದು ಮೊದಲ ಆಕ್ಷೇಪ. ನಿಜ, ಮುಂದುವರಿದಿದೆ, ಯಾವಾಗ ಎಂದು ಕೇಳಬೇಕು. 1926ರಲ್ಲಿ ಆಸ್ಟ್ರಿಯಾದ ರುಡಾಲ್ಫ್ ಲೆಟ್ನರ್ ಸ್ಕೀಗೆ ಉಕ್ಕಿನ ಅಂಚು ಹಾಕಿ ಪೇಟೆಂಟ್ ಪಡೆದ. 1950ರ ಹೊತ್ತಿಗೆ ವಿಮಾನ ತಯಾರಿಕೆಯಿಂದ ಬಂದ ಹೋವರ್ಡ್ ಹೆಡ್ ಅಲ್ಯೂಮಿನಿಯಂ ಸ್ಕೀ ತಂದ. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ಎಸ್‌ಸಿಎಕ್ಸ್ ಎಂಬ ಮಾದರಿಗೆ ಸಣ್ಣ ಸೊಂಟ, ಅಗಲದ ತಲೆಬಾಲ ಕೊಟ್ಟ ಮೇಲೆ ಎರಡು ಮೀಟರಿನ ನೇರ ಸ್ಕೀಗಳು ಕೆಲವೇ ವರ್ಷಗಳಲ್ಲಿ ಅಟ್ಟ ಸೇರಿದವು. 2002ರಲ್ಲಿ ಸ್ಕೀಯರ್ ಶೇನ್ ಮೆಕಾಂಕಿ, ನೀರಿನ ಮೇಲೆ ಜಾರುವ ಸ್ಕೀಗಳನ್ನೇ ಗುರುವಾಗಿಟ್ಟುಕೊಂಡು, ತುದಿಗಳೆರಡೂ ಮೇಲೆದ್ದ 'ಸ್ಪ್ಯಾಟುಲಾ'ವನ್ನು ವೊಲಾಂಟ್ ಕಂಪನಿಯಿಂದ ಮಾಡಿಸಿದ. ಆಳ ಹಿಮದಲ್ಲಿ ತೇಲುವ ಪಾಠ ಅಲ್ಲಿಂದ ಹರಡಿತು. ಇವು ಕ್ರಾಂತಿಗಳು. ನಿಮ್ಮ ಸ್ಕೀ 1993ಕ್ಕಿಂತ ಹಿಂದಿನದಾದರೆ ಈ ಪ್ರಬಂಧ ಓದುತ್ತಾ ಕೂರಬೇಡಿ, ಅಂಗಡಿಗೆ ಹೊರಡಿ. ಆಮೇಲಿನದಾದರೆ ಪ್ರತಿ ಶರತ್ಕಾಲದಲ್ಲಿ ಘೋಷಣೆಯಾಗುವ ಕ್ರಾಂತಿಗಳಲ್ಲಿ ಹೆಚ್ಚಿನವು ಬಣ್ಣದ ಡಬ್ಬಿಯಲ್ಲೇ ಆದವು. ಸೊಂಟ 98 ಮಿಲಿಮೀಟರ್ ಇರಬೇಕೇ 102 ಇರಬೇಕೇ ಎಂದು ನಿದ್ದೆಗೆಡುವವರು, ಬೇಸಿಗೆಯಿಡೀ ತಮ್ಮ ಸ್ವಂತ ಸೊಂಟ ಎಷ್ಟು ಬೆಳೆಯಿತೆಂದು ಅಳೆದವರಲ್ಲ.

ಅಂಗಡಿಯೊಳಗೆ ನಡೆಯುವ ಒಂದು ವಿಧಿಯನ್ನಂತೂ ಸ್ವಲ್ಪ ನಿಂತು ನೋಡಲೇಬೇಕು. ಸ್ಕೀಯೊಂದನ್ನು ಗೋಡೆಯಿಂದ ಇಳಿಸಿ, ಬಾಲವನ್ನು ಬೂಟಿನ ಪಕ್ಕ ನೆಲಕ್ಕೂರಿ, ಎಡಗೈಯಲ್ಲಿ ತಲೆ ಹಿಡಿದು, ಬಲ ಅಂಗೈಯಿಂದ ನಡುವನ್ನು ಅದುಮುತ್ತಾರೆ. ಸ್ಕೀ ಬಾಗುತ್ತದೆ. ಬಾಗುವುದಕ್ಕೆಂದೇ ಮಾಡಿದ್ದು, ಬಾಗದೆ ಏನು ಮಾಡೀತು? ಅದುಮಿದವರು ಹುಬ್ಬು ಗಂಟಿಕ್ಕಿ 'ಹ್ಞೂಂ' ಎನ್ನುತ್ತಾರೆ. ಈ 'ಹ್ಞೂಂ' ಏನನ್ನೂ ಒಪ್ಪುವುದಿಲ್ಲ, ನಿರಾಕರಿಸುವುದೂ ಇಲ್ಲ. ಪಕ್ಕದ ಗಿರಾಕಿ ಅದನ್ನು ಕೇಳಿ ತಾನೂ ಒಂದನ್ನಿಳಿಸಿ ಅದುಮಿ, ಇನ್ನೂ ಸ್ವಲ್ಪ ಗಂಭೀರವಾದ 'ಹ್ಞೂಂ' ಹೊರಡಿಸುತ್ತಾರೆ. ಮಾರುವ ಹುಡುಗ ಇಬ್ಬರಿಗೂ ತಲೆಯಾಡಿಸುತ್ತಾನೆ. ಸಂತೆಯಲ್ಲಿ ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುವವರ ಶೈಲಿಯೇ ಇದು. ಆದರೆ ಕಾಯಿಯೊಳಗೆ ನೀರಾದರೂ ಗುಳುಗುಳು ಎನ್ನುತ್ತದೆ. ತಿರುವಿನಲ್ಲಿ ಇಡೀ ದೇಹದ ಭಾರ, ಅದರ ಮೇಲೆ ವೇಗದ ಒತ್ತಡ ಬಿದ್ದಾಗ ಸ್ಕೀ ಏನು ಮಾಡುತ್ತದೆಂಬುದನ್ನು ಕಾರ್ಪೆಟ್ಟಿನ ಮೇಲೆ ನಿಂತ ಅಂಗೈ ಹೇಳಲಾರದು. ಎರಡನೆಯ ಸಲ ಅದುಮಿ, ಕಣ್ಣು ಮುಚ್ಚಿ, ತುಸು ಹೊತ್ತು ಹಾಗೇ ನಿಲ್ಲುವವರೂ ಇದ್ದಾರೆ. ಅವರಿಗೆ ಏನು ಕೇಳಿಸುತ್ತದೋ ದೇವರೇ ಬಲ್ಲ. ಈ ಅದುಮಾಟದ ಸುಖ ಬಿಟ್ಟರೆ ಹೊಸ ಸ್ಕೀ ಕೊಳ್ಳುವ ಆನಂದದಲ್ಲಿ ಅರ್ಧ ಹೋಯಿತು, ಆದ್ದರಿಂದ ನಿಷೇಧಿಸಬೇಕೆಂದು ನಾನು ಹೇಳಲಾರೆ.

ಹಳೆಯದು ಸವೆಯುವುದಿಲ್ಲವೇ? ಸವೆಯುತ್ತದೆ. ಜೋಡಿಯ ತಳಗಳನ್ನು ಎದುರುಬದುರು ಸೇರಿಸಿ ಹಿಡಿದರೆ, ಕ್ಯಾಂಬರ್ (ನಡುಭಾಗದ ಮೇಲ್ಬಾಗು) ಇರುವ ಸ್ಕೀಗಳಲ್ಲಿ ನಡುವೆ ಸಂದು ಕಾಣಬೇಕು. ಕಾಣದಿದ್ದರೆ ಜೀವ ಇಳಿದಿದೆ. ಅಂಚಿನ ಉಕ್ಕನ್ನು ಮಸೆದು ಮಸೆದು ಒಂದು ದಿನ ಮಸೆಯಲು ಉಕ್ಕೇ ಉಳಿಯುವುದಿಲ್ಲ. ಆದರೆ ದೂರು ಕೊಡುವವರಲ್ಲಿ ಹೆಚ್ಚಿನವರ ಅಂಚು ಸವೆದಿರುವುದು ಮಸೆತದಿಂದಲ್ಲ, ಮಸೆಯದೆ ತುಕ್ಕು ಹಿಡಿದು. ತಗಾದೆಯಿಲ್ಲದೆ ಒಪ್ಪಬೇಕಾದ ಕಾರಣ ಒಂದೇ: ಬೈಂಡಿಂಗ್. ಬಿದ್ದಾಗ ಬೂಟನ್ನು ಬಿಟ್ಟುಕೊಡುವ ಈ ಸಾಧನ ಸುಧಾರಿಸಿದ ಮೇಲೆ ಮೊಳಕಾಲಿನ ಕೆಳಗೆ ಮೂಳೆ ಮುರಿಯುವುದು ಬಹಳ ಕಡಿಮೆಯಾಯಿತು. ಮಂಡಿಯೊಳಗಿನ ಅಸ್ಥಿರಜ್ಜುವನ್ನು ಮಾತ್ರ ಅದು ಅಷ್ಟಾಗಿ ಕಾಯಲಾರದು, ಇಂದಿಗೂ. ತಯಾರಕರು ತಾವು ಹೊಣೆ ಹೊರುವ ಮಾದರಿಗಳ ಪಟ್ಟಿ ಪ್ರಕಟಿಸುತ್ತಾರೆ. ಪಟ್ಟಿಯಿಂದ ಬಿದ್ದುಹೋದ ಬೈಂಡಿಂಗನ್ನು ಸಾಮಾನ್ಯವಾಗಿ ಅಂಗಡಿಯವರು ಮುಟ್ಟುವುದಿಲ್ಲ. ಇಲ್ಲಿ ತಮಾಷೆ ಬೇಡ. ಕಾಲು ಒಂದು ಸಲ ಹೋದರೆ ಅದಕ್ಕೆ ವರ್ಷಾಂತ್ಯದ ರಿಯಾಯಿತಿಯಿಲ್ಲ. 'ಹಾಗಾದರೆ ಬೈಂಡಿಂಗ್ ಒಂದನ್ನೇ ಬದಲಿಸಬಹುದಲ್ಲ?' ಎನ್ನುವಿರಿ. ಬದಲಿಸಬಹುದು. ಇಂಥ ಪ್ರಶ್ನೆ ಕೇಳುವವರನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಹೋಗಬಾರದು.

ಕೊನೆಗೆ ಬರುವವರು ಲಿಫ್ಟಿನಲ್ಲಿ ಪಕ್ಕ ಕೂತು ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುವ ಸಜ್ಜನರು. ಇವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಇಲ್ಲಿ ನೆಲ ಡೊಂಕಾಗಿರುವುದಕ್ಕೇ ದುಡ್ಡು ಕೊಟ್ಟು ಬಂದಿರುತ್ತೇವೆ. ಕೊಲೊರಾಡೊದ ವೇಲ್‌ನಂಥ ಕಡೆ ಕಿಟಕಿಯಲ್ಲಿ ಕೊಂಡ ಒಂದು ದಿನದ ಟಿಕೆಟ್ಟೇ 300 ಡಾಲರ್ ದಾಟಿದೆ. ಅವರ ಮಾತು ಸರಿ ಎಂಬುದು ಸಿಟ್ಟನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸ್ಕೀಯ ಹಣದಲ್ಲಿ ಪಾಠ ಹೇಳಿಸಿಕೊಂಡರೆ, ಇಲ್ಲವೇ ಕಾಲಿಗೊಪ್ಪುವ ಬೂಟು ಮಾಡಿಸಿಕೊಂಡರೆ ಹೆಚ್ಚು ಲಾಭವೆಂದು ತಿಳಿದವರೆಲ್ಲ ಹೇಳುತ್ತಾರೆ. ಆದರೆ ಪಾಠವನ್ನು ಗೋಡೆಗೆ ಒರಗಿಸಿಟ್ಟು ನೋಡುತ್ತಾ ಕೂರಲಾಗದು. ಬೂಟಿನ ಗುಣ ತಿಳಿಯುವುದು ಹಾಕಿಕೊಂಡವರ ಹಿಮ್ಮಡಿಗೆ ಮಾತ್ರ, ನೆರೆಯವರಿಗಲ್ಲ.

ಇಷ್ಟಕ್ಕೂ 'ಬದಲಿಸುವುದು' ಎಂಬುದೇ ಸುಳ್ಳು. ಹಳೆಯದನ್ನು ಯಾರೂ ಬಿಸಾಡುವುದಿಲ್ಲ. ಋತುವಿನ ಆರಂಭದಲ್ಲಿ ತೆಳು ಹಿಮದಡಿಯಿಂದ ಕಲ್ಲು ಇಣುಕುವಾಗ ಹೊಸದು ಗೀರಿಹೋಗದಿರಲಿ ಎಂದು ಅದಕ್ಕೆ 'ರಾಕ್ ಸ್ಕೀ' ಎಂಬ ಪದವಿ ಕೊಟ್ಟು ಇಟ್ಟುಕೊಳ್ಳುತ್ತಾರೆ. ಈಗ ಹಿಮದ ಲೆಕ್ಕವೇ ಬೇರೆಯಾಗಿದೆ. ಬೊಲಿವಿಯಾದ ಚಕಲ್ತಾಯದಲ್ಲಿ ಸ್ಕೀ ಆಡುತ್ತಿದ್ದ ಹಿಮನದಿ 2009ರ ಹೊತ್ತಿಗೆ ಪೂರಾ ಕರಗಿಹೋಯಿತು; ಆಲ್ಪ್ಸ್‌ನ ತಗ್ಗಿನ ಇಳಿಜಾರುಗಳು ಯಂತ್ರ ಉಗುಳುವ ಹಿಮವನ್ನು ನಂಬಿ ದಿನ ದೂಡುತ್ತಿವೆ. ಕಲ್ಲು ಇಣುಕುವ ವಾರಗಳು ಹೆಚ್ಚಿದಂತೆ ಹಳೆಯ ಜೋಡಿಗೆ ಬಿಡುವಿಲ್ಲದ ದುಡಿಮೆ. ಆಳ ಹಿಮಕ್ಕೆಂದು ಕೊಂಡ ಅಗಲದ ಹೊಸ ಜೋಡಿ ಕಾರ್ಖಾನೆಯ ಮೇಣ ಕೂಡ ಅಳಿಯದೆ ಗ್ಯಾರೇಜಿನಲ್ಲೇ ಇರುತ್ತದೆ. ಅದರ ಸೊಂಟ 108 ಮಿಲಿಮೀಟರ್.