ಹನ್ನೆರಡೋ, ಹದಿಮೂರೋ

ಕಾರು ಸಣ್ಣದಾದಷ್ಟೂ ಸಲಹೆ ಕೊಡುವವರು ಜಾಸ್ತಿ. ದೊಡ್ಡ ಕಾರಿನವನ ಮುಂದೆ ಯಾರೂ ಬಾಯಿ ಬಿಚ್ಚುವುದಿಲ್ಲ. ಅವನಿಗೆ ಎಲ್ಲ ಗೊತ್ತಿರುತ್ತದೆ ಅಂತ ಊರಿಗೆ ಊರೇ ನಂಬಿರುತ್ತದೆ. ಆಲ್ಟೋ 800 ಇಟ್ಟುಕೊಂಡವನ ಪಾಡು ಬೇರೆ. ಟೈರಿನ ಬಟನ್ ಸವೆದಿದೆ ಅಂತ ಸುದ್ದಿಯಾದದ್ದೇ ತಡ, ಗುಬ್ಬಿಯ ದೊಡ್ಡಪ್ಪನಿಂದ ಹಿಡಿದು ಕುಣಿಗಲ್ಲಿನ ಭಾವಮೈದನವರೆಗೆ ಒಬ್ಬೊಬ್ಬರಾಗಿ ಬಂದು ನನ್ನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ, ತಲೆ ಅಲ್ಲಾಡಿಸಿ, ಕಾಫಿ ಕುಡಿದು ಹೋದರು.

ನಮ್ಮ ಓಡಾಟವೆಲ್ಲ ಮೂರು ಊರುಗಳ ನಡುವೆ. ಮನೆ ತುಮಕೂರಿನಲ್ಲಿ, ತೋಟ ಗುಬ್ಬಿ ಕಡೆ, ಹೆಂಡತಿಯ ತವರು ಕುಣಿಗಲ್. ಬಿ.ಎಚ್. ರಸ್ತೆಯಲ್ಲಿ ಚಕ್ರಕ್ಕಿಂತ ಬ್ರೇಕಿಗೇ ಕೆಲಸ. ಗುಬ್ಬಿ ದಾಟಿ ತೋಟದ ದಾರಿ ಹಿಡಿದರೆ ಎತ್ತಿನಗಾಡಿ ಕಾಲದ ಎರಡು ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ. ಆ ದಿಬ್ಬ ಕಾರಿನ ಹೊಟ್ಟೆ ಕೆರೆದು ಕ್ಷೇಮಸಮಾಚಾರ ಕೇಳದೆ ಬಿಡುವುದಿಲ್ಲ. ಇನ್ನು ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋಗುವಾಗ ಹಂಪ್ಸುಗಳು. ಕೆಲವಕ್ಕೆ ಬಿಳಿ ಬಣ್ಣ ಬಳಿದಿರುತ್ತಾರೆ. ಉಳಿದವುಗಳ ಪರಿಚಯ ತಲೆ ಸೂರಿಗೆ ಬಡಿದ ಮೇಲೆಯೇ ಆಗಬೇಕು. ಕಾರಿಗೂ ನೆಲಕ್ಕೂ ನಡುವೆ ಕಂಪನಿ ಕೊಟ್ಟಿರುವ ಜಾಗ 160 ಮಿಲಿಮೀಟರ್. ಅದು ಖಾಲಿ ಕಾರಿನ ಲೆಕ್ಕ. ತವರಿನಿಂದ ವಾಪಸು ಬರುವ ಕಾರನ್ನು ಖಾಲಿ ಎನ್ನಲಾಗದು.

ಟೈರಿನ ಪಕ್ಕೆಯಲ್ಲಿ ಅದರ ಜಾತಕವೆಲ್ಲ ಬರೆದಿರುತ್ತದೆ. ನನ್ನದರ ಮೇಲಿರುವುದು 145/80 ಆರ್12. 145 ಎಂಬುದು ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಆ ಅಗಲದ ಶೇಕಡಾ 80ರಷ್ಟು ಪಕ್ಕೆಯ ಎತ್ತರ. ಲೆಕ್ಕ ಹಾಕಿದರೆ 116 ಮಿಲಿಮೀಟರ್. ಆರ್ ಅಂದರೆ ರೇಡಿಯಲ್. 12 ಡಿಸ್ಕಿನ ಅಡ್ಡಳತೆ, ಅದು ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು! ನಮ್ಮ ಲೆಕ್ಕದ ಮೇಷ್ಟ್ರ ಕೈಗೆ ಸಿಕ್ಕಿದ್ದರೆ ಹೀಗೆ ಬರೆದವನ ಕಿವಿ ಉಳಿಯುತ್ತಿರಲಿಲ್ಲ. ಪಕ್ಕದಲ್ಲೇ 74ಎಸ್ ಅಂತ ಇನ್ನೊಂದು ಗುರುತಿದೆ. 74ಕ್ಕೆ ಒಂದು ಟೈರ್ 375 ಕೆ.ಜಿ. ಹೊರಬಲ್ಲದು ಎಂದರ್ಥ. ಎಸ್ ಅಂದರೆ ಗಂಟೆಗೆ 180 ಕಿ.ಮೀ. ವೇಗ ತಡೆಯುತ್ತದೆ. ನನ್ನ ಆಲ್ಟೋ ಆ ವೇಗ ಮುಟ್ಟಬೇಕಾದರೆ ದೇವರಾಯನದುರ್ಗದ ಮೇಲಿಂದ ಕೆಳಕ್ಕೆ ಬೀಳಬೇಕು.

375ರ ವಿಷಯವನ್ನು ದೊಡ್ಡಪ್ಪನ ಮುಂದೆ ಹೇಳಬಾರದಿತ್ತೇನೋ. "ನಾಲ್ಕಕ್ಕೆ 1500 ಆಯ್ತು. ಕಾರ್ ತೂಕ ಎಷ್ಟ್ಲಾ?" ಅಂದರು. 700ರ ಆಸುಪಾಸು ಅಂದೆ. "ಹಂಗಾರೆ ಇನ್ನೂ ಎಂಟ್ನೂರು ಕೆ.ಜಿ. ಹಿಡಿಸ್ತೈತೆ ಅನ್ನು" ಎಂದವರೇ ಹಿಂದಿನ ಸೀಟಿಗೆ ಇನ್ನೊಂದು ಮೂಟೆ ತೆಂಗಿನಕಾಯಿ ಹಾಕಿಸಿದರು. ಸ್ಪ್ರಿಂಗಿಗೆ, ಬ್ರೇಕಿಗೆ ಬೇರೆ ಬೇರೆ ಮಿತಿ ಇರುತ್ತದೆ ಎಂದು ವಿವರಿಸಲು ಹೋಗಲಿಲ್ಲ. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ಹತ್ತಿಸಿದವರು. ಆ ಊರಿನವರಿಗೆ ಭಾರದ ಬಗ್ಗೆ ಪಾಠ ಹೇಳುವುದು ಯಾರಿಂದಾದೀತು?

ಭಾವಮೈದನ ತಕರಾರು ಭಾರದ್ದಲ್ಲ, ಮರ್ಯಾದೆಯದು. "ಹನ್ನೆರಡಿಂಚು ಹಾಕ್ಕೊಂಡು ನಮ್ಮೂರಿಗೆ ಬರ್ಬೇಡಿ ಭಾವ, ಹುಡುಗ್ರು ನೋಡ್ತಾರೆ. ಕೆ10 ಡಿಸ್ಕ್ ಸಿಗ್ತವೆ, ಹದಿಮೂರು. ಹಾಕ್ಸಿ ನೋಡಿ, ಕಾರು ಎದ್ ನಿಂತ್ಕಳ್ತೈತೆ" ಅಂದ.

ಏಳುತ್ತದೆಯೇ ನೋಡೋಣ ಅಂತ ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಹಾಕಿದೆ. 2010ರಲ್ಲಿ ಬಂದ ಆಲ್ಟೋ ಕೆ10ಗೆ ಕಂಪನಿ ಕೊಟ್ಟ ಟೈರು 155/65 ಆರ್13. ಡಿಸ್ಕು ಒಂದು ಇಂಚು ದೊಡ್ಡದು ನಿಜ, ಆದರೆ ಟೈರಿನ ಪಕ್ಕೆ 101 ಮಿಲಿಮೀಟರಿಗೆ ಇಳಿಯಿತು. ನೆಲದಿಂದ ನೆತ್ತಿಯವರೆಗೆ ನನ್ನ ಚಕ್ರ ಸುಮಾರು 537 ಮಿಲಿಮೀಟರ್, ಅವನು ಹೇಳಿದ್ದು 532. ಅಲ್ಲಿಗೆ ದೊಡ್ಡ ಡಿಸ್ಕು ಹಾಕಿಸಿದ ಕಾರು ಎರಡೂವರೆ ಮಿಲಿಮೀಟರ್ ಕುಳ್ಳಾಯಿತು! ಗುಂಡಿಗೆ ಬಿದ್ದಾಗ ಪೆಟ್ಟು ನುಂಗಲು ಪಕ್ಕೆಯಲ್ಲಿರುವ ರಬ್ಬರೂ ಕಡಿಮೆ. ಡಾಂಬರು ರಸ್ತೆಯ ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತದೆ, ಅಲ್ಲವೆನ್ನುವುದಿಲ್ಲ. ನಮ್ಮ ತೋಟದ ದಾರಿಯಲ್ಲಿ ಹಿಡಿಯುವುದಕ್ಕೆ ಡಾಂಬರು ಎಲ್ಲಿದೆ?

ಹಾಳೆ ತೋರಿಸಿದರೆ ಅವನು ಬಗ್ಗುವ ಆಸಾಮಿಯಲ್ಲ. "ಹಂಗಾರೆ 145/80ನೇ ಇರ್ಲಿ, 13ರಲ್ಲಿ ಹಾಕ್ಸಿ." ಇದರಲ್ಲಿ ಚಕ್ರ 562 ಮಿಲಿಮೀಟರ್ ಆಗಿ, ಕಾರು ಹದಿಮೂರು ಮಿಲಿಮೀಟರಿನಷ್ಟು ನಿಜವಾಗಿ ಏಳುತ್ತದೆ. ಆದರೆ ಮೀಟರಿಗೆ ಚಕ್ರ ಬದಲಾದ ಸುದ್ದಿ ತಿಳಿಸುವವರು ಯಾರು? ಅದು ಪಾಪ ಹಳೆಯ ಲೆಕ್ಕದಲ್ಲೇ ಸುತ್ತು ಎಣಿಸುತ್ತಿರುತ್ತದೆ. ಮುಳ್ಳು 80 ತೋರಿಸುವಾಗ ಮೊದಲಿಗಿಂತ ಶೇಕಡಾ 5ರ ಹತ್ತಿರ ಜಾಸ್ತಿ ಓಡುತ್ತಿರುತ್ತೀರಿ. 105 ಕಿ.ಮೀ. ಹೋದರೆ 100 ಅಂತ ಬರೆದುಕೊಳ್ಳುತ್ತದೆ. ಟೈರು ಬದಲಿಸಿದ ಮೇಲೆ ಮೈಲೇಜ್ ಬಿತ್ತು ಅಂತ ಗೋಳಾಡುವವರ ಗೋಳಿನಲ್ಲಿ ಅರ್ಧ ಈ ಎಣಿಕೆಯದೇ ಇರಬಹುದು. ಉಳಿದರ್ಧ ಪಿಕಪ್ಪಿನದು, ದೊಡ್ಡ ಚಕ್ರವನ್ನು ಅದೇ ಸಣ್ಣ ಎಂಜಿನ್ ತಿರುಗಿಸಬೇಕಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುವ ಭಯ ಬೇರೆ. ಇಷ್ಟನ್ನೂ ಕೇಳಿಸಿಕೊಂಡ ಭಾವಮೈದನ ಮುಖ ಅರಳಿತು. "ಕಿಲೋಮೀಟ್ರು ಕಮ್ಮಿ ತೋರ್ಸುತ್ತಾ? ಮಾರೋವಾಗ ಒಳ್ಳೇದೇ ಅಲ್ವಾ ಭಾವ!"

ಟಿಪ್ಪು ಕಾಲದ ಹೆಸರು ಹೇಳುವ ಕುದುರೆ ಫಾರಂ ಇರುವ ಊರಿನವನು ಅವನು. ಕುದುರೆ ಎತ್ತರವಾಗಿ ಕಾಣಲಿ ಅಂತ ಅಲ್ಲಿ ಯಾರೂ ಒಂದು ಸೈಜು ದೊಡ್ಡ ಲಾಳ ಹೊಡೆಯುವುದಿಲ್ಲ. ಚಕ್ರ ದೊಡ್ಡದು ಮಾಡಿಸಬೇಕು ಅನ್ನುವವರಿಗೆ ಬೇಕಾಗಿರುವುದು ಸಾಮಾನ್ಯವಾಗಿ ಇನ್ನೊಂದು ಕಾರು. ಅದರ ಡೌನ್‌ಪೇಮೆಂಟ್ ಹೊಂದದೆ ಆಸೆಯನ್ನು ಡಿಸ್ಕಿನಲ್ಲಿ ತೀರಿಸಿಕೊಳ್ಳುತ್ತಾರೆ. ಸಣ್ಣ ಚಕ್ರ ಬರಿಯ ಜಿಪುಣತನವೂ ಅಲ್ಲ. 1959ರಲ್ಲಿ ಇಂಗ್ಲೆಂಡಿನ ಮಿನಿ ಕಾರಿಗೆ 10 ಇಂಚಿನ ಚಕ್ರ ಕೊಟ್ಟದ್ದು ಒಳಗೆ ಕೂರುವವರಿಗೆ ಜಾಗ ಉಳಿಯಲಿ ಎಂದು. ನಮ್ಮ ನ್ಯಾನೋಗಂತೂ ಮುಂದೆ 135/70, ಹಿಂದೆ 155/65. ಎಂಜಿನ್ ಹಿಂದಿತ್ತಲ್ಲ, ಭಾರ ಇದ್ದ ಕಡೆ ಅಗಲ. ಅಷ್ಟು ಯೋಚಿಸಿ ಮಾಡಿದ ಕಾರನ್ನು ಜನ ಅಗ್ಗದ ಕಾರು ಅಂತ ಕರೆದೇ ಕೊಂದರು ಎಂಬ ಸಿಟ್ಟು ನನಗಿನ್ನೂ ಇದೆ.

ಅಂಗಡಿಯ ಹುಡುಗ ಮಾತು ಕಮ್ಮಿಯವನು. ನಾಲ್ಕು ಟೈರು ಉರುಳಿಸಿಕೊಂಡು ಬಂದು, ಪಕ್ಕೆಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗಿನ ನಾಲ್ಕು ಅಂಕಿ ತೋರಿಸಿದ. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂತಿದ್ದರೆ 2019ರ 23ನೇ ವಾರ ಹುಟ್ಟಿದ್ದು. ಸೈಜಿಗೆ ಜಗಳವಾಡಿ ಗೋಡೌನಿನಲ್ಲಿ ಮುದಿಯಾದ ಟೈರು ಹಾಕಿಸಿಕೊಂಡು ಬರುವವರನ್ನು ದಿನಾ ನೋಡುತ್ತಾನಂತೆ. "ನೋಡ್ಕೊಳಿ ಸಾರ್, ಎಲ್ಲಾ ಹೊಸ ಮಾಲು. ಗಾಳಿ ಎಷ್ಟು ಅಂತ ಡೋರ್ ಹತ್ರ ಸ್ಟಿಕ್ಕರ್‌ನಲ್ಲೈತೆ. ಸೈಜೂ ಅದರಲ್ಲೇ ಐತೆ" ಎಂದು ಡಿಸ್ಕ್ ಬಿಚ್ಚಲು ಕೂತ. ಇಷ್ಟು ದಿನದ ಚರ್ಚೆಯಲ್ಲಿ ಯಾರೊಬ್ಬರೂ ಬಾಗಿಲು ತೆಗೆದು ನೋಡಿರಲಿಲ್ಲ.

145/80 ಆರ್12 ನಾಲ್ಕು ಹಾಕಿಸಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮುಗಿಸಿದೆ. ರಾತ್ರಿ ಫೋನ್ ಬಂತು. ಭಾವಮೈದ ಒಂದು ಗಳಿಗೆ ಸುಮ್ಮನಿದ್ದು, "ಹೋಗ್ಲಿ ಬಿಡಿ, ವೀಲ್ ಕಪ್ಪಾದ್ರೂ ಹದಿಮೂರಿಂದು ಹಾಕ್ಸಿ" ಅಂದ.

"ಹನ್ನೆರಡರ ಡಿಸ್ಕಿಗೆ ಅದು ಕೂರಲ್ಲ ಕಣಪ್ಪ."

"ಕೇಬಲ್ ಟೈ ಹಾಕಿ ಬಿಗಿದ್ರಾಯ್ತು, ನಾನೇ ತರ್ತೀನಿ ಭಾವ."