ಸಂಯಮಯಂತ್ರ ಮೀಮಾಂಸೆ: ನಾರಾಯಣಪೇಟೆ ಪಾಠ

ಕುಡಿತ ಬಿಟ್ಟವನ ದಿನಗಳನ್ನು ಎಣಿಸುವ, ದಿನಚರಿ ಬರೆಸಿಕೊಳ್ಳುವ, ಬೆಳಗೆದ್ದು ಪ್ರತಿಜ್ಞೆ ಮಾಡಿಸುವ ಮೊಬೈಲ್ ಆ್ಯಪ್‌ಗೆ ಶಾಸ್ತ್ರದಲ್ಲಿ ಸಂಯಮಯಂತ್ರವೆಂದು ಹೆಸರು. (ಯಾವ ಶಾಸ್ತ್ರವೆಂದು ಕೇಳಬಾರದು, ಪ್ರಬಂಧ ಈಗಷ್ಟೇ ಶುರುವಾಗಿದೆ.) ಇದರ ಆದಿಕರ್ತನ ಬಗ್ಗೆ ಮತಭೇದವಿದೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದ ಇಬ್ಬರೆಂಬುದು ಪೂರ್ವಪಕ್ಷ. ಹನ್ನೆರಡನೆಯ ಶತಮಾನದಲ್ಲೇ ಹೆಂಡ ಮಾರುತ್ತ, ಕೊಳ್ಳಲು ಬಂದವರಿಗೇ ಕುಡಿಯಬೇಡಿರೆಂದು ಬುದ್ಧಿ ಹೇಳುತ್ತಿದ್ದನೆಂಬ ಐತಿಹ್ಯವುಳ್ಳ ಶರಣ ಹೆಂಡದ ಮಾರಯ್ಯನೆಂಬುದು ಸಿದ್ಧಾಂತ. ಅಂಗಡಿಯೂ ಅವನದೇ, ಎಚ್ಚರಿಕೆಯೂ ಅವನದೇ. ಇಂದಿನ ಸರ್ಕಾರಗಳಿಗೆ ಅವನೇ ಮೂಲಪುರುಷನೆನ್ನಬಹುದಿತ್ತು. ಆದರೆ ಮಾರಯ್ಯನಿಗೆ ಬಜೆಟ್ ಗುರಿ ಇರಲಿಲ್ಲ.

ಯಂತ್ರದ ಹೊಸ ಸೌಲಭ್ಯಗಳು ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಎಷ್ಟರಮಟ್ಟಿಗೆ ಊರ್ಜಿತವೆಂಬುದೇ ಇಲ್ಲಿಯ ವಿಚಾರ. ಮೊದಲಿಗೆ ದಿನಗಣಕ. ಇಲ್ಲಿ ಶ್ರಾವಣವಿಡೀ ಬಾಟಲಿ ಮುಟ್ಟದವರಿದ್ದಾರೆ. ಅಯ್ಯಪ್ಪನ ಮಾಲೆ ಹಾಕಿ 41 ದಿನ ಸ್ವಾಮಿಗಳಾಗಿದ್ದು, ಮಾಲೆ ತೆಗೆದ ಸಂಜೆಯೇ ಹಳೆಯ ಹೆಸರಿಗೆ ಮರಳುವವರೂ ಇದ್ದಾರೆ. ಯಂತ್ರ ಇವರನ್ನು ಜಾರಿದವರ ಪಟ್ಟಿಗೆ ಸೇರಿಸಿ ಎಣಿಕೆಯನ್ನು ಸೊನ್ನೆಗೆ ತರುತ್ತದೆ. ಇದು ಅಶಾಸ್ತ್ರೀಯ. ಅವರು ಜಾರಿಲ್ಲ, ವ್ರತ ಮುಗಿಸಿದ್ದಾರೆ.

ಅಂಗಡಿ ಹತ್ತಿರವಾದಾಗ ಗಂಟೆ ಬಾರಿಸುವ ಸೌಲಭ್ಯವನ್ನಂತೂ ಈ ಪ್ರಾಂತ್ಯದಲ್ಲಿ ಬಳಸಲಾಗದು. ವೈನ್ಸ್, ಅದರ ಪಕ್ಕದ ಪರ್ಮಿಟ್ ರೂಮ್, ಊರೊಳಗೆ ಲೈಸೆನ್ಸಿಲ್ಲದ ಬೆಲ್ಟ್ ಶಾಪು. ಮಧ್ಯಾಹ್ನದೊಳಗೆ ಬ್ಯಾಟರಿ ಮುಗಿಯುತ್ತದೆ. ಮೇಲಾಗಿ ಗಡಿಯ ತೊಡಕು. ಮಕ್ತಲ್ ಕಡೆಯಿಂದ ದೇವಸೂಗೂರಿನ ಸೇತುವೆ ದಾಟಿದರೆ ರಾಯಚೂರು ಸೀಮೆ. ಅಲ್ಲಿ ಸೇಂದಿ ನಿಷಿದ್ಧ, 2007ರ ಜುಲೈ 1ರಿಂದ ಸಾರಾಯಿಯೂ ನಿಷಿದ್ಧ. ಈಚೆ ದಡದಲ್ಲಿ ಸೇಂದಿಗೆ ಸರ್ಕಾರದ ಲೈಸೆನ್ಸ್. ದೋಷ ಸೇತುವೆಯ ಎಷ್ಟನೆಯ ಕಂಬದಿಂದ ಶುರುವಾಗುತ್ತದೆಂದು ಯಂತ್ರ ಹೇಳುವುದಿಲ್ಲ. ಗದ್ವಾಲವೋ 1956ರ ವರೆಗೆ ರಾಯಚೂರು ಜಿಲ್ಲೆಯದೇ ತಾಲೂಕು.

ಇನ್ನು ದಿನಚರಿ. ಯಂತ್ರ ಐದು ಮುಖಗಳನ್ನು ತೋರಿಸಿ ಮನಸ್ಸು ಹೇಗಿದೆಯೆಂದು ಕೇಳುತ್ತದೆ. ನಮ್ಮವರ ಉತ್ತರ: 'ನಡದದರಿ.' ಕುಡಿಯಬೇಕೆನಿಸಲು ಕಾರಣ? 'ಮಳಿ ಬಂತು.' ಮರುದಿನದ ಕಾರಣ? 'ಮಳಿ ಬರಲಿಲ್ಲ.' ಹಾಗಾದರೆ ಕುಡಿದಿರಾ? 'ಇಲ್ಲರಿ, ಬರೇ ಸೇಂದಿ.'

ಈ ಕೊನೆಯ ಉತ್ತರದ ಮುಂದೆ ಭಾಷ್ಯಕಾರ ಕನ್ನಡಕ ಒರೆಸಿಕೊಳ್ಳಬೇಕಾಗುತ್ತದೆ. ಸೇಂದಿಯನ್ನು ಕುಡಿತದ ಲೆಕ್ಕಕ್ಕೆ ಹಿಡಿಯದ ಮನೆಗಳೇ ಇಲ್ಲಿ ಹೆಚ್ಚು. ಅದು ಮರದ್ದು, ತಂಪು, ಮೈಗೆ ಒಳ್ಳೆಯದು. ಆದರೆ ಊರಿನ ಈಚಲು ಮರಗಳು ಕೊಡಬಲ್ಲದ್ದಕ್ಕಿಂತ ಹೆಚ್ಚು ಸೇಂದಿ ಅಂಗಡಿಯಲ್ಲಿದ್ದರೆ ಉಳಿದದ್ದು ಎಲ್ಲಿಂದ ಬಂತು? ನೀರು, ಸ್ಯಾಕರಿನ್, ಅದರ ಮೇಲೆ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್. ಇಲ್ಲವೇ ಡಯಾಜೆಪಾಮ್, ಅಲ್ಪ್ರಜೋಲಾಮ್. ವರ್ಷಗಟ್ಟಲೆ ಇದನ್ನು ಕುಡಿದವನು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗುತ್ತವೆ, ಫಿಟ್ಸ್ ಬರುತ್ತದೆ, ಇಲ್ಲದವರ ಜೊತೆ ಮಾತಾಡತೊಡಗುತ್ತಾನೆ. 2015ರಲ್ಲಿ ಕಲಬೆರಕೆಯ ಮೇಲೆ ಅಬಕಾರಿ ದಾಳಿ ಬಿಗಿಯಾದಾಗ ತೆಲಂಗಾಣದ ಆಸ್ಪತ್ರೆಗಳಿಗೆ ಇಂಥವರು ಸಾಲುಗಟ್ಟಿ ಬಂದರು. ಸೇಂದಿ ಬಿಟ್ಟವನ ಎರಡನೆಯ ದಿನಕ್ಕೆ ಸಂಯಮಯಂತ್ರ ಪರದೆಯ ಮೇಲೆ ಹೂ ಸುರಿಸಿ ಶಹಬ್ಬಾಸ್ ಎನ್ನುತ್ತದೆ. ಅವನಿಗೆ ಬೇಕಾದದ್ದು ಡಾಕ್ಟರು. ಆದ್ದರಿಂದ 'ಎಷ್ಟು ಕುಡಿದಿರಿ?' ಎಂಬ ಪ್ರಶ್ನೆಯ ಜೊತೆಗೆ 'ಅದರಲ್ಲಿ ಏನಿತ್ತು?' ಎಂಬುದನ್ನೂ ಸೇರಿಸಬೇಕು. ಮತ್ತು ಆ ಪ್ರಶ್ನೆಯನ್ನು ಕುಡಿದವನಿಗೆ ಕಳಿಸಬಾರದು.

ಉಳಿತಾಯದ ಲೆಕ್ಕವೂ ಇದೆ: ಬಿಟ್ಟ ಹಣದಲ್ಲಿ ಏನು ಕೊಳ್ಳಬಹುದಿತ್ತೆಂದು ಯಂತ್ರ ಚಿತ್ರ ತೋರಿಸುತ್ತದೆ. ಗದ್ವಾಲದಲ್ಲಿ ಸೀರೆ ತೋರಿಸೀತು. ಮೈ ಹತ್ತಿ, ಅಂಚು ಸೆರಗು ರೇಷ್ಮೆ. ಮಗ್ಗದ ಮನೆಯಲ್ಲಿ ಆ ಚಿತ್ರ ನೋಡುವವಳು ಅದನ್ನು ನೇಯ್ದವಳೇ, ಉಟ್ಟವಳಲ್ಲ.

ಇಷ್ಟಾಗಿ, ಯಂತ್ರವನ್ನು ಸರಿಯಾದ ಫೋನಿಗೆ ಹಾಕಿಲ್ಲವೆಂಬುದೇ ನಮ್ಮ ಸಿದ್ಧಾಂತ. ಪ್ರಮಾಣ ಹೀಗಿದೆ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿಯುತ್ತಲೇ ಸಾರಾಯಿ ಅಂಗಡಿ ಮುಚ್ಚಿಸಿದರು. 1993ರ ಅಕ್ಟೋಬರ್ 1ರಂದು ಆಂಧ್ರಪ್ರದೇಶ ಸಾರಾಯಿ ಬಿಟ್ಟಿತು. 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಪೂರ್ತಿ ಪಾನನಿಷೇಧದ ಪ್ರತಿಜ್ಞೆ ಮಾಡಿಸಿದರು. 1997ರಲ್ಲಿ ರಾಜ್ಯ ಜಾರಿತು. ಯಾವ ಯಂತ್ರವೂ ಎಣಿಕೆಯನ್ನು ಸೊನ್ನೆಗೆ ತರಲಿಲ್ಲ. 2014ರ ಜೂನ್ 2ರಂದು ಅದರಿಂದ ಬೇರೆಯಾದ ತೆಲಂಗಾಣ ಹೊಸ ಬಳಕೆದಾರನಾಗಿ ನೋಂದಾಯಿಸಿಕೊಂಡಿತು. ಹಳೆಯ ಚಟ ಬ್ಯಾಕಪ್‌ನಿಂದ ತಾನಾಗಿ ಬಂತು. 2023ರಲ್ಲಿ 2,620 ಮದ್ಯದಂಗಡಿಗಳ ಲಾಟರಿಗೆ ಅರ್ಜಿಯೊಂದಕ್ಕೆ 2 ಲಕ್ಷ ರೂಪಾಯಿ ಶುಲ್ಕ, ಅಂಗಡಿ ಸಿಗದಿದ್ದರೂ ವಾಪಸಿಲ್ಲ. ಅರ್ಜಿಗಳು 1.3 ಲಕ್ಷ ದಾಟಿದವು. ಒಂದು ಬಾಟಲಿಯೂ ತೆರೆಯುವ ಮೊದಲೇ ಬಂದ ಈ ಮೊತ್ತವನ್ನು ಯಂತ್ರದ ಉಳಿತಾಯದ ಅಂಕಣ ಯಾವ ಚಿತ್ರದಲ್ಲಿ ತೋರಿಸಬೇಕೆಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ.

ಸರ್ಕಾರದ ಆ ಫೋನಿನ ದಿನಚರಿಯಲ್ಲಿ ಕಾರಣದ ಅಂಕಣವಷ್ಟೇ ಭರ್ತಿಯಾದೀತು. ಈ ವರ್ಷ: 'ಆದಾಯ ಸಾಲಲಿಲ್ಲ.' ಮರುವರ್ಷ: 'ಆದಾಯ ಚೆನ್ನಾಗಿ ಬಂತು.'