ರಾಷ್ಟ್ರಾಂಕಚಲನ ಮೀಮಾಂಸೆ

ವಿಷಯ

ಇನ್ನು ಅಂಕಿಗಳ ಏರಿಳಿತದ ವಿಚಾರವನ್ನು ಆರಂಭಿಸುತ್ತೇವೆ. ವಿಷಯ ಅಂತರ್ಜಾಲಕ್ಕೆ ಸೇರಿದ್ದಾದ್ದರಿಂದ ವಿಘ್ನನಿವಾರಣೆಗಾಗಿ ಮೊದಲು ಗಣಪತಿಗೂ ಅವನ ಹಿಂದೆಯೇ ವೈಫೈ ಪೆಟ್ಟಿಗೆಗೂ ನಮಸ್ಕರಿಸಿದ್ದೇವೆ.

ಈ ಶಾಸ್ತ್ರಕ್ಕೆ ಆಕರ 'ನೇಷನ್‌ಸ್ಟೇಟ್ಸ್' ಎಂಬ ಆಟ. ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ, 'ಜೆನಿಫರ್ ಗವರ್ನಮೆಂಟ್' ಎಂಬ ತಮ್ಮ ಕಾದಂಬರಿಯ ಪ್ರಚಾರಕ್ಕೆಂದು 2002ರ ನವೆಂಬರಿನಲ್ಲಿ ಇದನ್ನು ಜಾಲಕ್ಕೆ ಬಿಟ್ಟರು. ಕಾದಂಬರಿ ಮರುವರ್ಷ ಬಂದು ಓದಿಸಿಕೊಂಡಿತು. ಅದರ ಕರಪತ್ರ ಮಾತ್ರ ಈಗಲೂ ದೇಶಗಳನ್ನು ಹೆರುತ್ತಲೇ ಇದೆ. ಆಡುವವರು ತಮ್ಮ ದೇಶಕ್ಕೊಂದು ಹೆಸರು, ರಾಷ್ಟ್ರಪ್ರಾಣಿ, ನಾಣ್ಯ, ಧ್ಯೇಯವಾಕ್ಯ ಗೊತ್ತುಮಾಡುತ್ತಾರೆ. ಆಮೇಲೆ ಮೇಜಿನ ಮೇಲೆ ಒಂದೊಂದಾಗಿ 'ಸಮಸ್ಯೆ'ಗಳು ಬಂದು ಬೀಳುತ್ತವೆ. ಪ್ರತಿ ಸಮಸ್ಯೆಯ ಜೊತೆಗೂ ಕೆಲವರು ಸಲಹೆಗಾರರು, ಒಬ್ಬೊಬ್ಬರದೂ ಒಂದೊಂದು ವಾದ. ಯಾರಾದರೂ ಒಬ್ಬರ ಮಾತಿಗೆ ಒಪ್ಪಿಗೆ ಒತ್ತಬೇಕು, ಇಲ್ಲವೇ ಕಡತವನ್ನೇ ತಳ್ಳಿಹಾಕಬೇಕು. ಇಬ್ಬರ ಮಾತಿನಲ್ಲಿ ಒಳ್ಳೆಯದನ್ನಷ್ಟೇ ಆರಿಸಿ ಹೊಸ ಆಜ್ಞೆ ಬರೆಯುವ ಅಧಿಕಾರ ರಾಷ್ಟ್ರನಾಯಕನಿಗಿಲ್ಲ. ಒತ್ತಿದ್ದನ್ನು ಹಿಂತೆಗೆಯುವಂತೆಯೂ ಇಲ್ಲ. ಒತ್ತಿದ ಮರುಕ್ಷಣ ದೇಶದ ಅಂಕಿಗಳು ಅಲುಗುತ್ತವೆ. ಏಕೆ ಅಲುಗಿದವು ಎಂಬುದೇ ಜಿಜ್ಞಾಸೆ.

ಪ್ರಮೇಯ

ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ 'ಅರ್ಥಶಾಸ್ತ್ರ' ರಾಜ್ಯಕ್ಕೆ ಏಳೇ ಅಂಗ ಹೇಳುತ್ತದೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ನೇಷನ್‌ಸ್ಟೇಟ್ಸಿನ 'ವಿಶ್ವ ಗಣತಿ' 80ಕ್ಕೂ ಹೆಚ್ಚು ಬಾಬುಗಳನ್ನು ಅಳೆಯುತ್ತದೆ. ಆಯುಷ್ಯ, ಉದ್ಯೋಗ, ಭ್ರಷ್ಟಾಚಾರ ಎಂದರೆ ಕೌಟಿಲ್ಯನೂ ತಲೆದೂಗಿಯಾನು. ಆದರೆ ಚೀಸ್ ರಫ್ತು, ಬುಟ್ಟಿ ಹೆಣೆಯುವ ಉದ್ಯಮ, ಪಿಜ್ಜಾ ವಿತರಣೆ, ಜನರ ಒರಟುತನ, ಹವಾಮಾನ, ಕೊನೆಗೆ 'ಸಾಧಾರಣತನ'ವೂ ಗಣತಿಯಲ್ಲಿವೆ. ಗೂಢಚಾರರನ್ನು ತಾಪಸ ವೇಷದಲ್ಲಿ ಕಳಿಸಬಲ್ಲ ಆಚಾರ್ಯರು ಪಿಜ್ಜಾ ಹುಡುಗನ ವೇಷವನ್ನು ಬಿಟ್ಟದ್ದು ಆ ಶಾಸ್ತ್ರದ ಲೋಪವೆಂದೇ ನಮ್ಮ ಮತ.

ಈ ರಾಶಿಯಲ್ಲಿ ಮುಖ್ಯವಾದವು ಮೂರು: ನಾಗರಿಕ ಹಕ್ಕು, ಆರ್ಥಿಕತೆ, ರಾಜಕೀಯ ಸ್ವಾತಂತ್ರ್ಯ. ಒಂದೊಂದಕ್ಕೂ ಕೆಳಗು, ನಡು, ಮೇಲು ಎಂದು ಮೂರು ಮಟ್ಟ ಹಿಡಿದರೆ 27 ಬಗೆಯ ಸರ್ಕಾರಗಳಾಗುತ್ತವೆ. 'ಯಾರ ಮನಸ್ಸನ್ನೂ ನೋಯಿಸದ ಮಧ್ಯಮಪಂಥಿ ಪ್ರಜಾಪ್ರಭುತ್ವ', 'ಅಪ್ಪ ಹೇಳಿದ್ದೇ ಸರಿ ರಾಜ್ಯ', 'ತಲೆಕೆಟ್ಟ ಸರ್ವಾಧಿಕಾರ' ಮುಂತಾಗಿ ಅವುಗಳ ನಾಮಾವಳಿ. ನಕ್ಷತ್ರಗಳೂ 27. ಇದನ್ನು ಕಾಕತಾಳೀಯ ಎನ್ನುವವರು ಪಂಚಾಂಗ ತೆರೆದು ನೋಡದವರು. ಆರ್ಥಿಕತೆಗೆ ಕೊಡುವ ಅತ್ಯುನ್ನತ ಬಿರುದು 'ಭಯ ಹುಟ್ಟಿಸುವಂಥದ್ದು'. ರಾಜಕೀಯ ಸ್ವಾತಂತ್ರ್ಯ ಉಕ್ಕಿ ಹರಿದರೆ 'ವ್ಯಾಪಕ ದುರುಪಯೋಗ' ಎಂಬ ಷರಾ ಬೀಳುತ್ತದೆ. ಸದ್ಗುಣವನ್ನಾದರೂ ಸರಿ, ಮಿತಿಮೀರಿ ಬೆಳೆಸಿದವರ ಬಗ್ಗೆ ಈ ಯಂತ್ರ ಕೊಂಕು ನುಡಿಯದೆ ಬಿಡುವುದಿಲ್ಲ.

ದೃಷ್ಟಾಂತ

ತರ್ಕಶಾಸ್ತ್ರದ ಉದಾಹರಣೆಗಳಿಗೆಲ್ಲ ಶತಮಾನಗಳಿಂದ ಬಿಟ್ಟಿ ದುಡಿಯುತ್ತಿರುವ ದೇವದತ್ತನನ್ನೇ ಇಲ್ಲಿಗೂ ಕರೆಸಿದ್ದೇವೆ. ಅವನ ಕಲ್ಪಿತ ದೇಶ ದೇವದತ್ತನಾಡು, ರಾಷ್ಟ್ರಪ್ರಾಣಿ ಎಮ್ಮೆ, ನಾಣ್ಯ ದುಗ್ಗಾಣಿ. ಸಜ್ಜನನಾದ ದೇವದತ್ತ, ಶಾಲೆಗಳಿಗೆ ಹೆಚ್ಚು ಹಣ ಕೊಡಿ ಎಂದ ಸಲಹೆಗಾರನ ಮಾತಿಗೆ ಒಪ್ಪಿಗೆ ಒತ್ತಿದನೆನ್ನಿ. ಶಿಕ್ಷಣ ಏರಿತು, ಸರಿ. ಜೊತೆಗೆ ತೆರಿಗೆ ಏರಿತು, ರಕ್ಷಣಾ ಪಡೆ ಇಳಿಯಿತು, ಬುಟ್ಟಿ ಉದ್ಯಮ ನೆಗೆಯಿತು, ಪ್ರಜೆಗಳು ಒಂದು ಚೂರು ಒರಟರಾದರು. ದೇವದತ್ತ ತಲೆಮೇಲೆ ಕೈಹೊತ್ತು ಕುಳಿತ. ಅವನ ಸಮಾಧಾನಕ್ಕಾಗಿ ಈ ಸೂತ್ರಗಳು.

ಸೂತ್ರ 1: ಒತ್ತಿದ್ದು ಒಂದು, ಅಲುಗಿದ್ದು ಹತ್ತು.

ವೃತ್ತಿ: ಯಾವ ಆಯ್ಕೆ ಯಾವ ಅಂಕಿಯನ್ನು ಎಷ್ಟು ಸರಿಸುತ್ತದೆ ಎಂಬ ಲೆಕ್ಕವನ್ನು ಆಟದವರು ಹೊರಗೆ ಬಿಟ್ಟಿಲ್ಲ. ಯಾಗ ಇಂದು ಮುಗಿಯುತ್ತದೆ, ಸ್ವರ್ಗ ಎಂದೋ ಸಿಗುತ್ತದೆ. ನಡುವಣ ಕಾಣದ ಕೊಂಡಿಯನ್ನು ಮೀಮಾಂಸಕರು 'ಅಪೂರ್ವ' ಎಂದು ಕರೆದರು. ಇಲ್ಲಿ ಆ ಕೊಂಡಿ ಸರ್ವರಿನೊಳಗಿದೆ. ಮಾಡಿದ ಕರ್ಮಕ್ಕೆ ಫಲವಂತೂ ಉಂಟು. ಬೇಡಿದ ಫಲವೇ ಬರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.

ಸೂತ್ರ 2: ರೊಟ್ಟಿ ಒಂದೇ, ಪಾಲು ಬೇರೆ.

ವೃತ್ತಿ: ಸರ್ಕಾರದ ಖರ್ಚನ್ನು ಆಟ ಶೇಕಡಾವಾರು ಹೋಳುಗಳಾಗಿ ತೋರಿಸುತ್ತದೆ. ಶಿಕ್ಷಣದ ಹೋಳು ಹಿಗ್ಗಿದರೆ, ಯಾರೂ ಮುಟ್ಟದಿದ್ದರೂ ರಕ್ಷಣೆಯ ಹೋಳು ಕಿರಿದಾಗುತ್ತದೆ. ಸಿಪಾಯಿಯ ಸಂಬಳದಲ್ಲಿ ಒಂದು ದುಗ್ಗಾಣಿಯೂ ಖೋತಾ ಆಗದಿರಬಹುದು. ಆದರೂ ಶೇಕಡಾ ಲೆಕ್ಕದಲ್ಲಿ ಅವನು ಯುದ್ಧವಿಲ್ಲದೆಯೇ ಸೋತಿದ್ದಾನೆ.

ಸೂತ್ರ 3: ಸೊನ್ನೆಯ ನೆರೆಯವನು ಬಲುಬೇಗ ಬೆಳೆಯುತ್ತಾನೆ.

ವೃತ್ತಿ: ತೀರ್ಮಾನದ ಬೆನ್ನಿಗೇ ಬರುವ ಏರಿಳಿತದ ವರದಿಯೂ ಶೇಕಡಾದಲ್ಲೇ ಇರುತ್ತದೆ. ನಾಡಿನಲ್ಲಿ ಬುಟ್ಟಿ ಹೆಣೆಯುವವಳು ಒಬ್ಬಳೇ ಇದ್ದು, ಅವಳ ತಂಗಿಯೂ ಪಕ್ಕದಲ್ಲಿ ಕೂತರೆ ಉದ್ಯಮ ಶೇ. 100ರಷ್ಟು ಬೆಳೆದಂತಾಯಿತು. ಬಾಣದ ಗುರುತು ನೋಡಿ ಸಂಪುಟ ಸಭೆ ಕರೆಯುವ ಮೊದಲು ಮೂಲ ಅಂಕಿಯನ್ನು ನೋಡತಕ್ಕದ್ದು.

ಸೂತ್ರ 4: ನಿಂತವನೂ ಇಳಿಯುತ್ತಾನೆ.

ವೃತ್ತಿ: ಅಂಕವೇ ಬೇರೆ, ಸ್ಥಾನವೇ ಬೇರೆ. ದೇವದತ್ತ ಕೈಕಟ್ಟಿ ಕುಳಿತಿರುವಾಗ ಬೇರೆ ಖಂಡದ ಯಾರೋ ನಿದ್ದೆಗೆಟ್ಟು ತಮ್ಮ ದೇಶದ ಹವಾಮಾನ ಸುಧಾರಿಸಿಕೊಂಡರೆ, ಇವನ ನಾಡಿನ ಮಳೆಬಿಸಿಲು ಇದ್ದಂತೆಯೇ ಇದ್ದರೂ ಸ್ಥಾನ ಕುಸಿಯುತ್ತದೆ. ಇನ್ನು ಇವನು ಆಟದೊಳಗೇ ಇರುವ 'ವಿಶ್ವ ಸಭೆ'ಯ ಸದಸ್ಯನಾಗಿದ್ದರೆ, ಅಲ್ಲಿ ಅಂಗೀಕಾರವಾದ ನಿರ್ಣಯಗಳು ವಿರುದ್ಧ ಮತ ಹಾಕಿದವರ ಅಂಕಿಗಳನ್ನೂ ತಿದ್ದುತ್ತವೆ. ಆ ಸಭೆಗೆ ಮೊದಲು ವಿಶ್ವಸಂಸ್ಥೆಯೆಂದೇ ಹೆಸರಿತ್ತು. ಅಸಲಿ ವಿಶ್ವಸಂಸ್ಥೆಯಿಂದ ಕಾನೂನಿನ ಕಾಗದ ಬಂದ ಮೇಲೆ 2008ರಲ್ಲಿ ಹೆಸರು ಬದಲಾಯಿತು. ಆ ಸಂಸ್ಥೆಯ ಮಾತನ್ನು ಇಷ್ಟು ವಿನಯದಿಂದ ಪಾಲಿಸಿದ ದೇಶಗಳು ಭೂಪಟದಲ್ಲಿ ವಿರಳ.

ಪೂರ್ವಪಕ್ಷಗಳು ಮತ್ತು ಖಂಡನೆ

ಏಕಕಾರಣವಾದಿಗಳು ಹೇಳುತ್ತಾರೆ: ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ಅರ್ಥಾಪತ್ತಿಯಿಂದ ತಿಳಿಯುವಂತೆ, ಶಾಲೆಗಳ ಜೊತೆ ಒರಟುತನವೂ ಹೆಚ್ಚಿದ್ದರೆ ಓದಿದವರು ಎದುರುಮಾತಾಡುತ್ತಾರೆಂದು ತಿಳಿಯಬೇಕು. ಒಪ್ಪತಕ್ಕ ಮಾತೇ. ಆದರೆ ಒರಟುತನ ಇಳಿದಿದ್ದರೆ ಇದೇ ಪಂಡಿತರು ವಿದ್ಯೆಯಿಂದ ವಿನಯ ಎನ್ನುತ್ತಿದ್ದರು. ಯಾವ ಫಲ ಬಂದರೂ ಸಲ್ಲುವ ಕಾರಣವನ್ನು ಶಾಸ್ತ್ರ ಕಾರಣವೆನ್ನುವುದಿಲ್ಲ, ಸಮಾಧಾನ ಎನ್ನುತ್ತದೆ.

ಪಟ್ಟಿಕಾರರು ಒತ್ತಿದ ಪ್ರತಿ ಆಯ್ಕೆಯನ್ನೂ ಅದರ ಫಲವನ್ನೂ ಎಕ್ಸೆಲ್ ಹಾಳೆಯಲ್ಲಿ ಬರೆದಿಡುತ್ತಾರೆ. ಶ್ರಮ ದೊಡ್ಡದು. ಆದರೆ ದೇಶ ಈಗಾಗಲೇ ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ ಫಲ ನಿಂತಿರುವುದರಿಂದ, ಒಂದೇ ಗುಂಡಿ ಎರಡು ದೇಶಗಳಲ್ಲಿ ಒಂದೇ ಫಲ ಕೊಡಬೇಕೆಂದಿಲ್ಲ. ಹಿಂದಣ ಕರ್ಮ ಲೆಕ್ಕಕ್ಕೆ ಬರುತ್ತದೆ, ಹಾಳೆಗೆ ಬರುವುದಿಲ್ಲ.

ನಿವೃತ್ತಿವಾದಿಗಳು ಎಲ್ಲ ಕಡತಗಳನ್ನೂ ತಳ್ಳಿಹಾಕಿ ನಿರ್ಲಿಪ್ತರಾಗಿರುತ್ತಾರೆ. ನಾಲ್ಕನೆಯ ಸೂತ್ರ ಅವರನ್ನೂ ಬಿಡುವುದಿಲ್ಲ. ಸಾಲದ್ದಕ್ಕೆ, 28 ದಿನ ಅತ್ತ ಸುಳಿಯದಿದ್ದರೆ ದೇಶವೇ ಅಳಿದುಹೋಗುತ್ತದೆ. ರಜೆ ಹಾಕಿದ್ದರೆ 60 ದಿನ. ವೈರಾಗ್ಯವನ್ನು ಉಳಿಸಿಕೊಳ್ಳಲಿಕ್ಕೂ ಆಗಾಗ ಲಾಗಿನ್ ಆಗಬೇಕು.

ತೃತೀಯಮಾರ್ಗಿಗಳದು ಕೊನೆಯ ಪಕ್ಷ. ಮತದಾನ ಕಡ್ಡಾಯವಾಗಬೇಕೆ ಎಂಬುದು ಆಟದ ಹಳೆಯ ಸಮಸ್ಯೆಗಳಲ್ಲಿ ಒಂದು. ಒಬ್ಬ ಸಲಹೆಗಾರ ಬೇಡವೆನ್ನುತ್ತಾನೆ, ಇನ್ನೊಬ್ಬ ಬೇಕೆನ್ನುತ್ತಾನೆ, ಮತ್ತೊಬ್ಬ ಚುನಾವಣೆಯಾದರೂ ಯಾಕೆ ಎನ್ನುತ್ತಾನೆ. ತೃತೀಯಮಾರ್ಗಿಗಳ ಬೆರಳು ಅಲ್ಲಿಗೇ ಹೋಗುತ್ತದೆ. ತೀರ್ಮಾನಗಳನ್ನು ಹಿಗ್ಗಿಸಿ ಕುಹಕದಲ್ಲಿ ಬರೆದ ಸಾಲುಗಳು ದೇಶದ ಪುಟದ ಮೇಲೆ ಕಾಣಿಸಿಕೊಳ್ಳುವುದರಿಂದ, ಆಡಳಿತ ಹಾಳಾದರೂ ವರದಿ ಚೆನ್ನಾಗಿರಲಿ ಎಂಬುದು ಇವರ ದರ್ಶನ. ಇವರಿಗೆ ಅಂಕಿಯ ಚಿಂತೆಯೇ ಇಲ್ಲದ್ದರಿಂದ ಖಂಡಿಸಲು ಏನೂ ಉಳಿದಿಲ್ಲ.

ಸಿದ್ಧಾಂತ

ಕಾರ್ಯ ಕಾರಣದಲ್ಲಿ ಮೊದಲೇ ಅಡಗಿರುತ್ತದೆ ಎಂದರು ಸಾಂಖ್ಯರು. ಇಲ್ಲ, ಹೊಸದಾಗಿ ಹುಟ್ಟುತ್ತದೆ ಎಂದರು ನೈಯಾಯಿಕರು. ದೇವದತ್ತನಾಡಿನಲ್ಲಿ ಮೊದಲು ಅಂಕಿ ಬೀಳುತ್ತದೆ, ಆಮೇಲೆ ಕಾರಣ ಹುಟ್ಟುತ್ತದೆ. ಇದು ಮೂರನೆಯ ಮತ, ನಮ್ಮದು.

ಇದಕ್ಕೆ ಪ್ರಮಾಣ ದೇವದತ್ತನ ನಡತೆಯೇ. ಶಿಕ್ಷಣ ಏರಿದಾಗ ಅವನು ಯಾವ ಸೂತ್ರವನ್ನೂ ಹುಡುಕಲಿಲ್ಲ. 'ಸರಿ' ಎಂದು ಮುಂದಿನ ಸಾಲಿಗೆ ಹೋದ. ಅಲ್ಲಿಯೂ ಕಾಣದ ಕೊಂಡಿಯೇ ಇತ್ತು, ಅದೇ ಶೇಕಡಾ ಇತ್ತು, ಅವರಿವರ ಏಳುಬೀಳೂ ಇತ್ತು. ಏರಿದ ಅಂಕಿ ಅವನ ದೂರದೃಷ್ಟಿಯ ಫಲವೆಂದೂ ಇಳಿದದ್ದು ಯಂತ್ರದ ದೋಷವೆಂದೂ ಅವನಿಗೆ ಯಾರೂ ಕಲಿಸಿಕೊಡಲಿಲ್ಲ. ಈ ಆಟದಲ್ಲಿ ಗೆಲ್ಲುವುದೆಂಬುದೇ ಇಲ್ಲ ಎಂದು ಕೊರಗುವವರು ಇಲ್ಲಿ ಗಮನಿಸಬೇಕು: ದೇಶ ಆಳುವ ವಿದ್ಯೆಯಲ್ಲಿ ಅತಿ ಕಠಿಣವಾದ ಪಾಠವನ್ನು ದೇವದತ್ತ ಒಂದೇ ಕಡತದಲ್ಲಿ ಕರಗತ ಮಾಡಿಕೊಂಡಿದ್ದಾನೆ. ಇನ್ನು ಅವನನ್ನು ನಿಜವಾದ ದೇಶವೊಂದಕ್ಕೆ ಧೈರ್ಯವಾಗಿ ಶಿಫಾರಸು ಮಾಡಬಹುದು.

ಫಲಶ್ರುತಿ

ಈ ಮೀಮಾಂಸೆಯನ್ನು ಆಯ್ಕೆಗೆ ಮೊದಲು ಓದಿದವರಿಗೆ ಯಾವ ಪ್ರಯೋಜನವೂ ಇಲ್ಲ. ಆಯ್ಕೆಯ ನಂತರ ಓದಿದವರು ಪತ್ರಿಕಾಗೋಷ್ಠಿ ಕರೆಯಲು ಅರ್ಹರಾಗುತ್ತಾರೆ. ನಿತ್ಯವೂ ಪಠಿಸುವವರ ದೇಶ 'ಸಾಧಾರಣತನ'ದ ಪಟ್ಟಿಯಲ್ಲಿ ಜಗತ್ತಿಗೇ ಮೊದಲನೆಯದಾಗುತ್ತದೆ. ಅದನ್ನು ಏರಿಕೆಯೆನ್ನಬೇಕೋ ಇಳಿಕೆಯೆನ್ನಬೇಕೋ ಎಂಬುದನ್ನು ಎರಡನೆಯ ಸಂಪುಟದಲ್ಲಿ ವಿಚಾರಿಸಲಾಗುವುದು.